ಓಟು ಹಾಕಿಸಿ ಏಳು ವರ್ಷ ಜಾಗ ಹಾಳುಬಿಟ್ಟರು

ಮಾನ್ಯ ಸಂಪಾದಕರೇ,

ನಮ್ಮ ಆ್ಯನ್ ಆರ್ಬರ್‌ನ ಲೈಬ್ರರಿ ಲಾಟ್, ಅಂದರೆ ಊರಿನ ಲೈಬ್ರರಿ ಪಕ್ಕದ ಪಾರ್ಕಿಂಗ್ ಜಾಗದ ಬಗ್ಗೆ ನಿಮ್ಮಲ್ಲಿ ಬಂದ ವರದಿ ಓದಿದೆ. ಅದನ್ನು ಲೈಬ್ರರಿಗೆ ಮಾರಲು ಜನರೇ ಓಟು ಹಾಕಿ ತೀರ್ಮಾನ ಮಾಡಿದರು ಅಂತ ಹೊಗಳಿದ್ದೀರಿ. ಪೌರತ್ವ ಇಲ್ಲದ ನಮಗೆ ಓಟಿಲ್ಲ, ಆ ಜನರಲ್ಲಿ ನಾವಿಲ್ಲ. ಅದನ್ನು ಯಾರೂ ಬರೆಯುವುದಿಲ್ಲ.

ಮೊನ್ನೆ ಈ ಜಾಗದ ವಿಷಯಕ್ಕೇ ಒಂದು ಸಭೆ ಇತ್ತು. ಆಫೀಸಿನಿಂದ ಬೇಗ ಹೊರಟು, ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಪಾರ್ಕಿಂಗ್‌ಗೆ ದುಡ್ಡು ಕೊಟ್ಟು ಹೋದೆ. ಬಹಳ ಹೊತ್ತು ಕಾದ ಮೇಲೆ ನನ್ನ ಸರದಿ ಬಂತು. ಲೈಬ್ರರಿಯ ಹೊಸ ಕಟ್ಟಡ ಯಾವಾಗ ಏಳುತ್ತದೆ, ಅಲ್ಲಿಯವರೆಗೆ ಮಕ್ಕಳು ಎಲ್ಲಿಗೆ ಹೋಗಬೇಕು ಅಂತ ಕೇಳಿದೆ. ಸಭೆ ನಡೆಸುತ್ತಿದ್ದವರು ಉತ್ತರ ಕೊಡಲಿಲ್ಲ. "ನೀವು ಇಲ್ಲಿನ ಮತದಾರರಾ?" ಅಂತ ತಿರುಗಿ ಕೇಳಿದರು. ಅಲ್ಲ ಅಂದೆ. "ಹಾಗಾದರೆ ಬರೆದು ಕೊಡಿ" ಅಂದು ಮೈಕನ್ನು ಹಿಂದಿನವರ ಕೈಗೆ ದಾಟಿಸಿದರು. ಅಷ್ಟು ಜನರ ಮುಂದೆ ಹಾಗೆ ಕೂರಿಸಿದ್ದು ನನಗೆ ಇನ್ನೂ ಉರಿಯುತ್ತಿದೆ.

ಓಟಿಲ್ಲದವರಿಗೆ ತೆರಿಗೆ ಇಲ್ಲವಾ? ನಾವು ಮನೆ ಕೊಂಡ ಮಾರನೇ ವರ್ಷ ತೆರಿಗೆ ಜಿಗಿಯಿತು. ಮನೆ ಕೈ ಬದಲಾದರೆ ತೆರಿಗೆಯ ಲೆಕ್ಕ ಹೊಸದಾಗಿ ಶುರು, ಮಿಶಿಗನ್ ಕಾನೂನೇ ಹಾಗಿದೆ. ನಮ್ಮದೇ ಬೀದಿಯಲ್ಲಿ ಮೊದಲಿಂದ ಇರುವವರು ಅಷ್ಟೇ ದೊಡ್ಡ ಮನೆಗೆ ತುಂಬಾ ಕಡಿಮೆ ಕಟ್ಟುತ್ತಾರೆ. ಅದೂ 1994ರಲ್ಲಿ ಓಟಿಗೆ ಹಾಕಿಯೇ ಮಾಡಿದ್ದು. ನಾವು ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತವರು. ಕಾರ್ಡು ಸಿಕ್ಕಿದ ಮೇಲೂ ಪೌರತ್ವಕ್ಕೆ ಸಾಮಾನ್ಯವಾಗಿ ಇನ್ನೈದು ವರ್ಷ ಕಾಯಬೇಕು. ಅಷ್ಟರಲ್ಲಿ ಮಗಳು ಕಾಲೇಜಿಗೆ ಹೋಗಿರುತ್ತಾಳೆ.

ಆ ಜಾಗದ ಕಥೆ ಇಲ್ಲಿನವರಿಗೆಲ್ಲ ಗೊತ್ತು, ಆದರೂ ಹೇಳುತ್ತೇನೆ. ಒಂದು ಎಕರೆಯೂ ಇಲ್ಲ. 2012ರಲ್ಲಿ ನೆಲದಡಿ ಏಳುನೂರು ಕಾರು ನಿಲ್ಲುವಷ್ಟು ದೊಡ್ಡ ಪಾರ್ಕಿಂಗ್ ಕಟ್ಟಿದರು. ಮುಂದೆ ಮೇಲೊಂದು ಕಟ್ಟಡ ಬರಲಿ ಅಂತ ಅಡಿಪಾಯವನ್ನೂ ಗಟ್ಟಿಯಾಗಿ ಹಾಕಿದರು. ಅದೇ ವರ್ಷ ನವೆಂಬರ್‌ನಲ್ಲಿ ಪಕ್ಕದ ಲೈಬ್ರರಿಯನ್ನು ಹೊಸದಾಗಿ ಕಟ್ಟಲು 6.5 ಕೋಟಿ ಡಾಲರ್ ಸಾಲ ಎತ್ತಬೇಕಾ ಅಂತ ಮತದಾರರನ್ನು ಕೇಳಿದರು. ಬೇಡ ಅಂದರು. 2017ರಲ್ಲಿ ನಗರದ ಕೌನ್ಸಿಲ್, ಅಂದರೆ ನಗರಸಭೆ, ಈ ಜಾಗವನ್ನು ಒಂದು ಕೋಟಿ ಡಾಲರ್‌ಗೆ ಮಾರಲು ಒಪ್ಪಿತು. 17 ಮಹಡಿ ಏಳಬೇಕಿತ್ತು. ಬಂದ ದುಡ್ಡಲ್ಲಿ ಒಂದು ಪಾಲು ಕಡಿಮೆ ಬಾಡಿಗೆಯ ಮನೆಗಳಿಗೆ ಹೋಗಬೇಕಿತ್ತು. ಆಗ ಕೆಲವರು ಸಹಿ ಸಂಗ್ರಹಿಸಿ, 2018ರ ನವೆಂಬರ್‌ನಲ್ಲಿ ನಗರದ ಮೂಲ ಕಾನೂನಾದ ಚಾರ್ಟರ್‌ಗೇ ತಿದ್ದುಪಡಿ ತಂದರು. ಈ ಜಾಗ ಎಂದೆಂದಿಗೂ ಸಾರ್ವಜನಿಕರದೇ, ಇಲ್ಲಿ ಪಾರ್ಕು ಆಗಬೇಕು ಅಂತ. ನೂರಕ್ಕೆ ಸುಮಾರು 53 ಓಟು ಬಿತ್ತು, ಪಾಸಾಯಿತು.

ಆಮೇಲೆ ಪಾರ್ಕು ಎಲ್ಲಿ? ದುಡ್ಡು ಎಲ್ಲಿಂದ ಬರಬೇಕು ಅಂತ ಆ ತಿದ್ದುಪಡಿ ಹೇಳಲೇ ಇಲ್ಲ. ಪಾರ್ಕೂ ಇಲ್ಲ, ಮನೆಯೂ ಇಲ್ಲ. ಬರೀ ಡಾಂಬರು. ಅತ್ತೆ ಹಾಸನದಿಂದ ಬಂದಿದ್ದಾಗ ಊರಿನ ನಡುವೆ ಒಂದು ಗಳಿಗೆ ನೆರಳಲ್ಲಿ ಕೂರೋಣ ಅಂದರೆ ಆ ಮೂಲೆಯಲ್ಲಿ ಒಂದು ಮರ ಇರಲಿಲ್ಲ. ಕೌನ್ಸಿಲ್‌ನವರಿಗೆ ಚಾರ್ಟರ್ ಒಂದು ಒಳ್ಳೆಯ ನೆಪ ಆಯಿತು. ಚಾರ್ಟರ್‌ನಲ್ಲಿ ಬರೆದದ್ದನ್ನು ಅಳಿಸಲೂ ಮತ್ತೆ ಓಟೇ ಬೇಕು. ಕೊನೆಗೆ 2025ರ ಆಗಸ್ಟ್ 5ಕ್ಕೆ ಮತ್ತೆ ಓಟು. ಜಾಗ ಲೈಬ್ರರಿಗೆ ಮಾರಬೇಕಾ, ಹಳೇ ತಿದ್ದುಪಡಿ ತೆಗೆಯಬೇಕಾ ಅಂತ ಎರಡು ಪ್ರಶ್ನೆ. ಎರಡೂ ಪಾಸಾದವು. ಇಷ್ಟಕ್ಕೆ ಏಳು ವರ್ಷ.

ಅದೂ ಆಗಸ್ಟ್‌ನಲ್ಲಿ! ಯೂನಿವರ್ಸಿಟಿಗೆ ರಜೆ, ಅರ್ಧ ಊರು ಖಾಲಿ. ಬಾಡಿಗೆ ಕಟ್ಟಿ ಸೋತಿರುವ ವಿದ್ಯಾರ್ಥಿಗಳು ಊರಲ್ಲೇ ಇರುವುದಿಲ್ಲ. ಅವರಿಗೂ ಈ ಜಾಗಕ್ಕೂ ಸಂಬಂಧ ಇಲ್ಲವಾ? 2020ರಲ್ಲಿ ಕಡಿಮೆ ಬಾಡಿಗೆಯ ಮನೆಗಳಿಗಾಗಿ 20 ವರ್ಷದ ತೆರಿಗೆಗೆ ಇದೇ ಮತದಾರರು ಒಪ್ಪಿದರು. ಅದನ್ನು ನಾವೂ ಕಟ್ಟುತ್ತಿದ್ದೇವೆ. ಮನೆ ಕಟ್ಟಬಹುದಾಗಿದ್ದ ಜಾಗಕ್ಕೆ ಬೀಗ ಹಾಕಿದ್ದೂ ಅವರೇ.

ಇರುವ ಪಾರ್ಕನ್ನು ಮಾರುವ ಮುಂಚೆ ಮತದಾರರನ್ನು ಕೇಳಬೇಕು ಅನ್ನುವ ನಿಯಮವೂ ಚಾರ್ಟರ್‌ನಲ್ಲಿದೆ. ಅದು ಸರಿ, ಇರಲೇಬೇಕು. ಇಲ್ಲದಿದ್ದರೆ ಹಸಿರೆಲ್ಲ ಎಂದೋ ಮಾರಿಹೋಗುತ್ತಿತ್ತು. ಆದರೆ ಪಾರ್ಕಿಂಗ್‌ನ ಸೂರನ್ನೂ ಚಾರ್ಟರ್‌ಗೆ ಸೇರಿಸಿ ಕಟ್ಟಿಹಾಕುವುದು ಯಾವ ನ್ಯಾಯ?

ಓಟಿಗೆ ಹಾಕದ ಕೆಲಸಗಳಾದರೂ ನೆಟ್ಟಗಿವೆಯಾ? ಹಿಮ ಬಿದ್ದರೆ ಮನೆ ಮುಂದಿನ ಫುಟ್‌ಪಾತ್ ನಾವು 24 ಗಂಟೆಯಲ್ಲಿ ತೆಗೆಯಬೇಕು, ಇಲ್ಲದಿದ್ದರೆ ದಂಡ. ನಾನು ಬೆಳಿಗ್ಗೆ ಎದ್ದು ಸೊಂಟ ಮುರಿದುಕೊಂಡು ತೆಗೆಯುತ್ತೇನೆ. ಆಮೇಲೆ ಹಿಮ ತಳ್ಳುವ ಗಾಡಿ ಬಂದು ರಸ್ತೆಯದ್ದನ್ನೆಲ್ಲ ನಮ್ಮ ಡ್ರೈವ್‌ವೇಗೆ ತುಂಬಿಸಿ ಹೋಗುತ್ತದೆ. ಫೋನ್ ಮಾಡಿದರೆ ಆನ್‌ಲೈನ್‌ನಲ್ಲಿ ದೂರು ಹಾಕಿ ಅನ್ನುತ್ತಾರೆ. ಮಾರ್ಚ್‌ಗೆ ರಸ್ತೆ ತುಂಬಾ ಗುಂಡಿ. ಹೋದ ವರ್ಷ ಟೈರು ಒಡೆದ ದುಡ್ಡು ಯಾರೂ ಕೊಡಲಿಲ್ಲ.

ಹಾಗಾಗಿ ಕೇಳುವುದಿಷ್ಟೆ. ಸಣ್ಣಪುಟ್ಟ ಜಾಗವನ್ನೆಲ್ಲ ಓಟಿಗೆ ಹಾಕುವುದು ನಿಲ್ಲಿಸಿ, ಗೆದ್ದು ಬಂದವರೇ ಧೈರ್ಯವಾಗಿ ತೀರ್ಮಾನ ಮಾಡಲಿ. ಓಟಿಗೇ ಹಾಕುವುದಾದರೆ ನವೆಂಬರ್‌ನಲ್ಲಿ ಹಾಕಿ, ತೆರಿಗೆ ಕಟ್ಟುವ ಎಲ್ಲರನ್ನೂ ಕೇಳಿ. ಎರಡರಲ್ಲಿ ಒಂದಾದರೂ ಮಾಡಿ. ಕೌನ್ಸಿಲ್‌ನವರು ಇನ್ನಾದರೂ ಎಚ್ಚೆತ್ತು ಕೆಲಸ ಶುರು ಮಾಡಲಿ. ಸಭೆಗೆ ಬಂದವರಿಗೆ ಮರ್ಯಾದೆಯಿಂದ ಉತ್ತರ ಕೊಡುವುದನ್ನೂ ಕಲಿಯಲಿ. ನೀವೂ ಮುಂದಿನ ಸಲ ಬರೆಯುವಾಗ ಓಟಿಲ್ಲದ ನಮ್ಮನ್ನು ಒಂದು ಮಾತು ಕೇಳಿ.

ಇತಿ,
ನೊಂದ ಓದುಗಿ,
ಆ್ಯನ್ ಆರ್ಬರ್, ಮಿಶಿಗನ್