ಬೆಳಗ್ಗೆ ಐದೂವರೆಗೆ ಬಂದವನಿಗೆ ರೂಮ್ ಎಲ್ಲಿದೆ?

ಸಂಪಾದಕರಿಗೆ ನಮಸ್ಕಾರ.

ಕೆಲಸದ ಮೇಲೆ ಬೆಂಗಳೂರಿಗೆ ಬರುವವರು ಎಲ್ಲಿ ಉಳಿಯಬೇಕು, ಎಲ್ಲಿ ಉಣ್ಣಬೇಕು, ಸಂಜೆ ಎಲ್ಲಿ ಕೂತು ಒಂದು ಗ್ಲಾಸ್ ಹಿಡಿಯಬೇಕು ಅಂತ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಚೆನ್ನಾಗಿತ್ತು. ಫೋಟೊಗಳು ಇನ್ನೂ ಚೆನ್ನಾಗಿದ್ದವು. ಆದರೆ 18 ವರ್ಷದಿಂದ ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಬರುವ ನಾನು ಅದರಲ್ಲಿದ್ದ ಯಾವ ಹೋಟೆಲಿನೊಳಗೂ ಕಾಲಿಟ್ಟಿಲ್ಲ. ತಪ್ಪು, ಒಂದರೊಳಗೆ ಹೋಗಿದ್ದೆ. ಬಾಯ್ಲರ್ ರೂಮಿಗೆ ವಾಲ್ವ್ ತೋರಿಸಲು, ಹಿಂದಿನ ಗೇಟಿನಿಂದ.

ನಾನು ಹುಬ್ಬಳ್ಳಿಯವನು, ವಾಲ್ವ್ ಮಾಡುವ ಸಣ್ಣ ಕಂಪನಿಯಲ್ಲಿ ಸೇಲ್ಸ್ ನೋಡಿಕೊಳ್ಳುತ್ತೇನೆ. ರೂಮಿಗೆ ದಿನಕ್ಕೆ ₹1,800, ಊಟ ತಿಂಡಿಗೆ ₹500. ಅದರ ಮೇಲೆ ಖರ್ಚಾದರೆ ಕೈಯಿಂದ. ಚಿಕ್ಕಪೇಟೆಗೆ ಸೀರೆ ಖರೀದಿಗೆ ಬರುವವರು, ಎಸ್.ಪಿ. ರೋಡಿಗೆ ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಬರುವವರು, ಮೆಡಿಕಲ್ ರೆಪ್‌ಗಳು, ಹೈಕೋರ್ಟಿಗೆ ಫೈಲು ಹಿಡಿದುಕೊಂಡು ಬರುವ ಊರಿನ ವಕೀಲರು, ಇವರೆಲ್ಲರ ಲೆಕ್ಕ ಹೆಚ್ಚು ಕಡಿಮೆ ಇಷ್ಟೇ. ನಾವೂ ಬಿಸಿನೆಸ್ ಮೇಲೆ ಬರುವವರೇ ಅಲ್ವಾ?

ನಮ್ಮ ತೊಂದರೆ ಶುರುವಾಗುವುದು ಬೆಳಗಿನ ಜಾವ. ರಾತ್ರಿ ಬಸ್ಸು ಐದೂವರೆಗೆಲ್ಲ ಮೆಜೆಸ್ಟಿಕ್‌ನಲ್ಲಿ ಇಳಿಸುತ್ತದೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ಗೆ ಬಂದರೆ ಇನ್ನೊಂದು ಗಂಟೆ ತಡ, ಅಷ್ಟೇ. ಹತ್ತು ಗಂಟೆಗೆ ಪೀಣ್ಯದಲ್ಲಿ ಮೀಟಿಂಗ್. ನಡುವೆ ಬೇಕಾಗಿರುವುದು ಒಂದು ಬಕೆಟ್ ಬಿಸಿನೀರು, ಅಂಗಿ ನೇತುಹಾಕಲು ಒಂದು ಮೊಳೆ, ಸಾಧ್ಯವಾದರೆ ಅರ್ಧ ಗಂಟೆ ಬೆನ್ನು ಚಾಚಲು ಜಾಗ.

ಕಳೆದ ಮಳೆಗಾಲದಲ್ಲಿ ಆ್ಯಪ್‌ನಲ್ಲಿ ಒಂದು ಹೋಟೆಲ್ ಬುಕ್ ಮಾಡಿ, ದುಡ್ಡೂ ಕಟ್ಟಿ ಬಂದಿದ್ದೆ. ಮಳೆ ಸುರಿಯುತ್ತಿತ್ತು, ಕೈಯಲ್ಲಿ 14 ಕೆಜಿ ಸ್ಯಾಂಪಲ್ ಬ್ಯಾಗು. ಕೌಂಟರಿನ ಹಿಂದೆ ಚಾಪೆ ಹಾಕಿ ಮಲಗಿದ್ದ ಹುಡುಗ ಎದ್ದು, ಕಣ್ಣುಜ್ಜಿಕೊಂಡು, ಕಂಪ್ಯೂಟರ್ ನೋಡಿ, ‘ಸರ್, ಚೆಕ್‌ಇನ್ ಹನ್ನೆರಡಕ್ಕೆ. ಈಗ್ಲೇ ಬೇಕಂದ್ರೆ ಅರ್ಧ ದಿನದ ಚಾರ್ಜ್ ಎಕ್ಸ್‌ಟ್ರಾ’ ಅಂದ. ಹಿಂದಿನ ಬೋರ್ಡಿನಲ್ಲಿ ಏಳು ರೂಮಿನ ಬೀಗದ ಕೈ ನೇತಾಡುತ್ತಿದ್ದವು, ನಾನೇ ಎಣಿಸಿದೆ. ಹುಡುಗನದೇನೂ ತಪ್ಪಿಲ್ಲ, ಅವನಿಗೆ ಹೇಳಿದ್ದನ್ನು ಅವನು ಹೇಳಿದ. ಅವತ್ತು ನಾನು ಪೇ ಅಂಡ್ ಯೂಸ್‌ನಲ್ಲಿ ತಣ್ಣೀರು ಸ್ನಾನ ಮಾಡಿ, ಸುಕ್ಕು ಬಿದ್ದ ಅಂಗಿಯಲ್ಲೇ ಮೀಟಿಂಗಿಗೆ ಹೋದೆ. ಆರ್ಡರ್ ಸಿಗಲಿಲ್ಲ. ಅಂಗಿಯಿಂದ ಅಂತ ಹೇಳುವುದಿಲ್ಲ, ಆದರೂ.

ಗಾಂಧಿನಗರದ ಹಳೇ ಲಾಡ್ಜ್‌ಗಳಲ್ಲಿ ಈ ತಾಪತ್ರಯ ಇರಲಿಲ್ಲ. ‘ಚೆಕ್‌ಔಟ್ 24 ಗಂಟೆ’ ಅಂತ ಬಣ್ಣದಲ್ಲಿ ಬರೆದ ಬೋರ್ಡ್ ಇರುತ್ತಿತ್ತು. ಬೆಳಗ್ಗೆ ಆರಕ್ಕೆ ಹೋದರೆ ಮರುದಿನ ಆರರವರೆಗೆ ರೂಮ್ ನಿಮ್ಮದು. ಒಂದು ದಿನದ ಬಾಡಿಗೆ ಕೊಟ್ಟು, ಸ್ನಾನ ಮಾಡಿ, ಬ್ಯಾಗಿಟ್ಟು, ಊರೆಲ್ಲ ಸುತ್ತಿ, ರಾತ್ರಿ ಹತ್ತೂವರೆ ಬಸ್ಸಿಗೆ ಮೊದಲು ಇನ್ನೊಮ್ಮೆ ಮುಖ ತೊಳೆದು ಹೊರಡಬಹುದಿತ್ತು. ಇವತ್ತಿಗೂ ಕೆಲವು ಹಾಗೆ ಉಳಿದಿವೆ. ನಾನು ಇಳಿದುಕೊಳ್ಳುತ್ತಿದ್ದ ಎರಡರಲ್ಲಿ ಒಂದು ಈಗ ಮೊಬೈಲ್ ಅಂಗಡಿಗಳ ಕಾಂಪ್ಲೆಕ್ಸ್, ಇನ್ನೊಂದು ಆ್ಯಪ್ ಸೇರಿ ಮಧ್ಯಾಹ್ನ ಹನ್ನೆರಡರ ಪಾರ್ಟಿಯಾಗಿದೆ.

ರೈಲು ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರು ಛತ್ರ ಕಟ್ಟಿಸಿ ನೂರು ವರ್ಷದ ಮೇಲಾಯಿತು. ಅವರೇ ಪೇಟೆಯಲ್ಲಿ ವ್ಯಾಪಾರ ಮಾಡಿದವರು, ಊರಿಂದ ಬಂದವನಿಗೆ ಮೊದಲು ಏನು ಬೇಕು ಅಂತ ಗೊತ್ತಿತ್ತು. ಅಷ್ಟೇಕೆ, ನಿಮ್ಮ ಪುರವಣಿಯಲ್ಲಿ ಅರ್ಧ ಪುಟ ಹಿಡಿದಿದ್ದ ರೇಸ್‌ಕೋರ್ಸ್ ರಸ್ತೆಯ ವೆಸ್ಟ್ ಎಂಡ್ ಕೂಡ 1887ರಲ್ಲಿ ಹತ್ತು ಕೋಣೆಯ ಬೋರ್ಡಿಂಗ್ ಹೌಸ್ ಆಗಿ ಶುರುವಾದದ್ದು.

ಇನ್ನು ಬಿಲ್ಲಿನ ಕಥೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ರವರೆಗಿನ ರೂಮಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ತೆರಿಗೆ ಇಷ್ಟು ಕಡಿಮೆಯಾದ ಮೇಲೂ ಜಿಎಸ್‌ಟಿ ನಂಬರಿನ ಬಿಲ್ಲೇ ಬೇಕು ಅಂತ ಹಟ ಯಾಕೆ ಅಂತ ನಮ್ಮ ಅಕೌಂಟ್ಸ್‌ನವರನ್ನು ಕೇಳಿದೆ. ‘ನಂಬರ್ ಇಲ್ದಿದ್ರೆ ಅದು ಬಿಲ್ಲಲ್ಲ, ಚೀಟಿ’ ಅಂದರು. ಹಾಗಾಗಿ 24 ಗಂಟೆಯ ಲಾಡ್ಜ್ ಸಿಕ್ಕರೂ ಕೈಬರಹದ ಬಿಲ್ ಅಂದ ಕೂಡಲೇ ನಾನು ಹಿಂದೆ ಸರಿಯಬೇಕು.

ಊಟದ ವಿಷಯದಲ್ಲಿ ಮಾತ್ರ ಬೆಂಗಳೂರು ನಮ್ಮನ್ನು ಕೈಬಿಟ್ಟಿಲ್ಲ. ನಿಮ್ಮ ಬರಹದಲ್ಲಿ ಬಫೆ ಬ್ರೇಕ್‌ಫಾಸ್ಟ್ ಬಗ್ಗೆ ಇತ್ತು, ದರ್ಶಿನಿ ಬಗ್ಗೆ ಒಂದು ಸಾಲೂ ಇರಲಿಲ್ಲ, ಇದು ಅನ್ಯಾಯ. ಗ್ರಾಹಕರನ್ನು ಕರೆದುಕೊಂಡು ಹೋಗಿ, ಸ್ಟೀಲ್ ಟೇಬಲ್ ಹತ್ತಿರ ನಿಂತು, ಒಂದು ಪ್ಲೇಟ್ ಖಾರಾಬಾತ್ ಮುಗಿಯುವಷ್ಟರಲ್ಲಿ ನಾನು ರೇಟ್ ಮಾತಾಡಿ ಮುಗಿಸಿದ್ದೇನೆ. ನಿಂತುಕೊಂಡವರು ಜಾಸ್ತಿ ಎಳೆಯುವುದಿಲ್ಲ. ಸ್ವಲ್ಪ ಪುರುಸೊತ್ತಿದ್ದರೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್. ಅಲ್ಲಿ ಇಡ್ಲಿಗೆ ಸಾಂಬಾರೇ ಇಲ್ಲ, ಬರೀ ಚಟ್ನಿ. ಬಿಳಿ ಅಂಗಿ ಹಾಕಿಕೊಂಡು ಮೀಟಿಂಗಿಗೆ ಹೊರಟವನಿಗೆ ಇದೂ ಒಂದು ಉಪಕಾರ. ದೋಸೆ ಪ್ರಿಯರನ್ನು ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಕರೆದೊಯ್ಯಬಹುದು, 1943ರಿಂದ ಇದೆ, ಶುಕ್ರವಾರ ರಜೆ ಅನ್ನುವುದು ನೆನಪಿರಲಿ. ಎರಡು ದಿನ ಅನ್ನ ಸಾರು ತಿಂದು ನಮ್ಮ ಕಡೆಯ ನಾಲಿಗೆ ಬೇಸತ್ತರೆ ಗಾಂಧಿನಗರದ ಕಾಮತ್‌ನಲ್ಲಿ ಜೋಳದ ರೊಟ್ಟಿ ಊಟ ಸಿಗುತ್ತದೆ. ಅಮ್ಮನ ರೊಟ್ಟಿ ಅಲ್ಲ, ಆದರೆ ಪರವಾಗಿಲ್ಲ.

ಕುಡಿಯುವ ವಿಷಯ. ಇಂದಿರಾನಗರದ ಬ್ರೂವರಿಗಳ ಬಿಯರ್ ರುಚಿ ಬಗ್ಗೆ ತಕರಾರಿಲ್ಲ, ಒಂದು ಸಲ ಗ್ರಾಹಕರೇ ಕರೆದುಕೊಂಡು ಹೋಗಿದ್ದರು. ಆದರೆ ಸ್ಪೀಕರ್ ಪಕ್ಕ ಕೂತು ವ್ಯವಹಾರ ಮಾತಾಡಬೇಡಿ. ನಾನು ಹದಿನೈದು ದಿನದ ಕ್ರೆಡಿಟ್ ಅಂದೆ, ಅವರಿಗೆ ನಲವತ್ತೈದು ಅಂತ ಕೇಳಿಸಿತು, ಅಥವಾ ಹಾಗೆ ಕೇಳಿಸಿಕೊಂಡರು. ನಲವತ್ತೈದೇ ಆಯಿತು. ಮಾತು ಮುಖ್ಯವಾದರೆ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ವಾಸಿ, ಒಂದು ಕಾಫಿಯ ಮುಂದೆ ಗಂಟೆಗಟ್ಟಲೆ ಕೂರುವವರ ಜಾಗ ಅದು, ಬೇಕಾದವರಿಗೆ ಬಿಯರೂ ಇದೆ. ಒಬ್ಬನೇ ಇದ್ದರೆ ನಾನು ಮೆಜೆಸ್ಟಿಕ್ ಕಡೆಯ ಹಳೇ ಬಾರ್ ಅಂಡ್ ರೆಸ್ಟೋರೆಂಟ್‌ನಲ್ಲಿ ಒಂದು ನೈಂಟಿ, ಒಂದು ಪ್ಲೇಟ್ ಕಡಲೆ ಬೀಜದ ಮಸಾಲ ತಗೊಂಡು ಅವತ್ತಿನ ರಿಪೋರ್ಟ್ ಬರೆದು ಮುಗಿಸುತ್ತೇನೆ. ಈ ಬಿಲ್ಲನ್ನು ಅಕೌಂಟ್ಸ್‌ಗೆ ಕೊಡುವುದಿಲ್ಲ.

ಮೆಟ್ರೊ ಬಂದ ಮೇಲೆ ಮೀಟಿಂಗ್ ಇರುವ ಕಡೆಯೇ ರೂಮ್ ಹುಡುಕುವ ಅಗತ್ಯ ತಪ್ಪಿದೆ. ಮೆಜೆಸ್ಟಿಕ್‌ನಲ್ಲಿ ನೇರಳೆ, ಹಸಿರು ಎರಡೂ ಮಾರ್ಗ ಸಿಗುತ್ತವೆ. ಒಂದರಲ್ಲಿ ವೈಟ್‌ಫೀಲ್ಡ್, ಇನ್ನೊಂದರಲ್ಲಿ ಪೀಣ್ಯ. 2024ರ ನವೆಂಬರ್‌ನಿಂದ ಹಸಿರು ಮಾರ್ಗ ಮಾದಾವರದವರೆಗೆ ಓಡುತ್ತಿದೆ. ಮೆಷಿನ್ ಟೂಲ್ ಮೇಳ ನಡೆಯುವ ಬಿಐಇಸಿ ವಸ್ತುಪ್ರದರ್ಶನ ಕೇಂದ್ರ ಅಲ್ಲೇ. ಮೊದಲು ಮೇಳದ ವಾರ ತುಮಕೂರು ರಸ್ತೆಯಲ್ಲಿ ರೂಮಿಗಾಗಿ ಒದ್ದಾಡುತ್ತಿದ್ದೆವು, ಈಗ ಮೆಜೆಸ್ಟಿಕ್‌ನಲ್ಲೇ ಉಳಿದು ಹೋಗಿ ಬರಬಹುದು. ಅಂದರೆ ಮೆಜೆಸ್ಟಿಕ್ ಸುತ್ತ ಒಳ್ಳೆಯ ಸಾದಾ ರೂಮುಗಳು ಮೊದಲಿಗಿಂತ ಈಗ ಜಾಸ್ತಿ ಬೇಕು.

ಹೋಟೆಲಿನವರಿಗೆ ನನ್ನದೊಂದು ಕೋರಿಕೆ. ಬೆಳಗ್ಗೆ ಐದರಿಂದ ಒಂಬತ್ತರವರೆಗೆ, ಖಾಲಿ ಇರುವ ರೂಮನ್ನು ನಾಲ್ಕು ಗಂಟೆಗೆ ₹400ಕ್ಕೋ ₹500ಕ್ಕೋ ಕೊಡಿ, ಸರಿಯಾದ ಬಿಲ್ ಕೊಡಿ, ಸಂಜೆವರೆಗೆ ಬ್ಯಾಗ್ ಇಟ್ಟುಕೊಳ್ಳಿ. ಟಿವಿ ಬೇಡ, ಎಸಿ ಬೇಡ. ಗೀಸರ್ ಮಾತ್ರ ಕೆಲಸ ಮಾಡಬೇಕು. ಅದಿಲ್ಲದಿದ್ದರೆ ಹಳೇ 24 ಗಂಟೆಯ ಪದ್ಧತಿಯನ್ನಾದರೂ ತನ್ನಿ.

ನಿಮಗೂ ಒಂದು ಮಾತು. ಮುಂದಿನ ಸಲ ಈ ಥರದ ಬರಹ ಮಾಡುವಾಗ ನಿಮ್ಮ ವರದಿಗಾರರನ್ನು ಬೆಳಗ್ಗೆ ಐದೂವರೆಗೆ ಬ್ಯಾಗ್ ಸಮೇತ ಮೆಜೆಸ್ಟಿಕ್‌ಗೆ ಕಳಿಸಿ. ಮಂಗಳವಾರ ನಾನೂ ಬರುತ್ತಿದ್ದೇನೆ, ಪೀಣ್ಯದಲ್ಲಿ ಅದೇ ಗ್ರಾಹಕರು, ಅದೇ ಹತ್ತು ಗಂಟೆ. ಅಷ್ಟು ಹೊತ್ತಿಗೆ ಬಾಗಿಲು ತೆಗೆದು ಬಿಸಿನೀರು ಕೊಡುವ, ಅಚ್ಚು ಹಾಕಿದ ಬಿಲ್ಲೂ ಕೊಡುವ ಲಾಡ್ಜ್ ಯಾವುದಾದರೂ ಓದುಗರಿಗೆ ಗೊತ್ತಿದ್ದರೆ ದಯವಿಟ್ಟು ಸೋಮವಾರದೊಳಗೆ ಬರೆದು ತಿಳಿಸಿ.

— ಹುಬ್ಬಳ್ಳಿಯ ಓದುಗ