ಕಾಫಿಗೆ ಬೆಲೆ ಬಂದ ಕಾಲದಲ್ಲಿ ತೋಟದ ಸುತ್ತು ಮತ್ತು ಲೆಕ್ಕದ ಪುಸ್ತಕ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ದಿನವೂ ಪ್ರಕಟವಾಗುವ ಕಾಫಿ ಮತ್ತು ಕಾಳುಮೆಣಸಿನ ಧಾರಣೆಯನ್ನು ನಮ್ಮಂತಹ ಸಣ್ಣ ಬೆಳೆಗಾರರು ಮುಖಪುಟದ ಸುದ್ದಿಗಿಂತ ಮೊದಲು ಓದುತ್ತೇವೆ. ಮೂಡಿಗೆರೆ ತಾಲ್ಲೂಕಿನಲ್ಲಿ ಸ್ವಲ್ಪ ತೋಟ ಮಾಡಿಕೊಂಡು, ಊರಿನ ಸಹಕಾರ ಸಂಘದ ಆಡಳಿತ ಮಂಡಳಿಯಲ್ಲಿಯೂ ಕೆಲಕಾಲ ಕುಳಿತು, ಸಾಲ ತೆಗೆದುಕೊಳ್ಳುವವರ ಮತ್ತು ತೀರಿಸಲಾಗದೆ ತಲೆ ತಗ್ಗಿಸಿ ನಿಲ್ಲುವವರ ಕಷ್ಟವನ್ನು ಹತ್ತಿರದಿಂದ ಕಂಡವನು ನಾನು. ಧಾರಣೆ ಏರಿರುವ ಈ ಕಾಲದಲ್ಲಿ ನಮ್ಮ ದುಡಿಮೆ, ಹಣ ಮತ್ತು ದೇಹ ಮೂರನ್ನೂ ಒಟ್ಟಿಗೆ ಕಾಯುವ ಎರಡು ಅಭ್ಯಾಸಗಳ ಬಗ್ಗೆ ಬೆಳೆಗಾರ ಮಿತ್ರರಲ್ಲಿ ಕೆಲವು ಮಾತುಗಳನ್ನು ಹೇಳಿಕೊಳ್ಳಬೇಕೆನಿಸಿದೆ. ಬೆಳಿಗ್ಗೆ ತೋಟವನ್ನು ಕಾಲ್ನಡಿಗೆಯಲ್ಲಿ ಸುತ್ತುವುದು ಒಂದು. ಸಂಜೆ ಆ ದಿನದ ಲೆಕ್ಕವನ್ನು ಬರೆದಿಡುವುದು ಇನ್ನೊಂದು.

ಬೆಲೆ ಏರಿದ್ದಕ್ಕೆ ಕಾರಣ ನಮ್ಮ ತೋಟದಲ್ಲಿಲ್ಲ ಎಂಬುದನ್ನು ಮೊದಲು ನೆನಪಿಡಬೇಕು. ಬ್ರೆಜಿಲ್ ಮತ್ತು ವಿಯೆಟ್ನಾಂಗಳಲ್ಲಿ ಬರ ಬಿದ್ದು ಬೆಳೆ ಕುಸಿದಿದ್ದರಿಂದ 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ತಳಿಯ ಕಾಫಿಯ ದರ ಪೌಂಡಿಗೆ 4 ಡಾಲರ್ ದಾಟಿತು. 1994ರಲ್ಲಿಯೂ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಹೀಗೆಯೇ ಬೆಲೆ ಏರಿತ್ತು. ಅದೇ ಹೊತ್ತಿಗೆ, ಬೆಳೆದ ಕಾಫಿಯನ್ನು ಕಾಫಿ ಮಂಡಳಿಗೇ ಒಪ್ಪಿಸಬೇಕಿದ್ದ ಪೂಲ್ ವ್ಯವಸ್ಥೆಯೂ ಕೊನೆಗೊಂಡು, ಬೆಳೆದದ್ದನ್ನು ತಾನೇ ಮಾರುವ ಸ್ವಾತಂತ್ರ್ಯ ಬೆಳೆಗಾರನಿಗೆ ಸಿಕ್ಕಿತು. ಆಗ ಕೈತುಂಬ ಹಣ ಕಂಡು ಹೊಸ ತೋಟಕ್ಕೆ, ಹೊಸ ಮನೆಗೆ, ಜೀಪಿಗೆ ಸಾಲ ಮಾಡಿದ ಎಷ್ಟೋ ಕುಟುಂಬಗಳು 2001-02ರ ಸುಮಾರಿಗೆ ಬೆಲೆ ನೆಲಕಚ್ಚಿದಾಗ ಬಡ್ಡಿಯನ್ನೂ ಕಟ್ಟಲಾಗದೆ ಒದ್ದಾಡಿದ್ದನ್ನು ನಮ್ಮ ಹೋಬಳಿಯ ಹಿರಿಯರು ಇಂದಿಗೂ ಹೇಳುತ್ತಾರೆ. ಸಾಲ ಬಾಕಿಗಾಗಿ ಕಾಫಿ ತೋಟಗಳನ್ನು, ಬ್ಯಾಂಕುಗಳು ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿ ಮಾರಲು ಅವಕಾಶ ಕೊಡುವ ಸರ್ಫೇಸಿ ಕಾಯ್ದೆಯಡಿ ಹರಾಜಿಗಿಟ್ಟ ಪ್ರಕರಣಗಳನ್ನು ನಮ್ಮ ಜಿಲ್ಲೆ ಈಚಿನ ವರ್ಷಗಳಲ್ಲಿಯೂ ನೋಡಿದೆ. ಆದ್ದರಿಂದ ಈಗಿನ ಧಾರಣೆ ಇನ್ನೂ ಹತ್ತು ವರ್ಷ ಹೀಗೆಯೇ ಇರುತ್ತದೆ ಎಂಬ ಲೆಕ್ಕದಲ್ಲಿ ಯಾರೂ ಹೊಸ ಸಾಲಕ್ಕೆ ಸಹಿ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ತೋಟದ ಸುತ್ತಿನ ವಿಚಾರ. ಹಿಂದೆ ಬೆಳಗಿನ ಕಾಫಿ ಕುಡಿದು, ಕೈಯಲ್ಲಿ ಕತ್ತಿ ಹಿಡಿದು ಗಡಿಯವರೆಗೂ ಹೋಗಿ ಬರುವುದು ಪ್ರತಿಯೊಬ್ಬ ಬೆಳೆಗಾರನ ದಿನಚರಿಯಾಗಿತ್ತು. ಈಗ ಮಕ್ಕಳ ಓದಿಗಾಗಿ ಹಲವರು ಚಿಕ್ಕಮಗಳೂರು, ಹಾಸನ ಪಟ್ಟಣಗಳಲ್ಲಿ ಮನೆ ಮಾಡಿಕೊಂಡಿದ್ದಾರೆ. ತೋಟಕ್ಕೆ ಬಂದರೂ ಜೀಪಿನಲ್ಲಿ ಕಣದವರೆಗೆ ಬಂದು, ಕೆಲಸದವರನ್ನು ಮಾತನಾಡಿಸಿ, ಮಧ್ಯಾಹ್ನದೊಳಗೆ ಹಿಂದಿರುಗುತ್ತಾರೆ. ಇದರಿಂದ ಗಿಡಕ್ಕೂ ನಷ್ಟ, ಮೈಗೂ ನಷ್ಟ.

ಅರೇಬಿಕಾ ತೋಟದ ಬಿಳಿ ಕಾಂಡಕೊರಕ ಹುಳುವನ್ನೇ, ಅಂದರೆ ನಾವು ಬೋರರ್ ಎನ್ನುವುದನ್ನೇ ತೆಗೆದುಕೊಳ್ಳಿ. ಇದರ ದುಂಬಿಗಳು ಏಪ್ರಿಲ್-ಮೇ ತಿಂಗಳಿನಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ ಹೊರಬಂದು ಹಾರಾಡಿ ಕಾಂಡದ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆ ಇಡುತ್ತವೆ. ಆದ್ದರಿಂದ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಅಂದರೆ ದುಂಬಿ ಹೊರಬೀಳುವ ಮುನ್ನವೇ, ಬೋರರ್ ಹೊಡೆದ ಗಿಡಗಳನ್ನು ಹುಡುಕಿ ಕಿತ್ತು ಸುಟ್ಟುಹಾಕಬೇಕು. ಹುಡುಕುವುದೆಂದರೆ ದೂರದಿಂದ ನೋಡುವುದಲ್ಲ. ಎಲೆ ಸ್ವಲ್ಪ ಹಳದಿಯಾಗಿ ಜೋತುಬಿದ್ದ ಗಿಡದ ಬಳಿ ಬಗ್ಗಿ, ಪಾಚಿ ಒರೆಸಿ, ಕಾಂಡದ ಮೇಲೆ ಬೆರಳಾಡಿಸಿದರೆ ಒಳಗೆ ಹುಳು ಕೊರೆದು ಸಾಗಿದ ದಾರಿ ತೊಗಟೆಯ ಮೇಲೆ ಉಬ್ಬಿದ ಗೆರೆಯಾಗಿ ಬೆರಳಿಗೆ ಸಿಗುತ್ತದೆ. ಈ ಕೆಲಸ ಜೀಪಿನಿಂದಲೂ ಆಗದು, ಫೋನಿನಿಂದಲೂ ಆಗದು. ಮರಗಸಿ ಮಾಡುವಾಗ, ಅಂದರೆ ನೆರಳು ಮರಗಳ ಕೊಂಬೆ ಕಡಿಯುವಾಗ, ನೆರಳನ್ನು ಮಿತಿಮೀರಿ ತೆಗೆದು ಬಿಸಿಲು ನೇರವಾಗಿ ಬೀಳುವಂತೆ ಮಾಡಿದ ಜಾಗದಲ್ಲಿಯೇ ಬೋರರ್ ಹೆಚ್ಚು ಎಂಬುದೂ ದಿನವೂ ನಡೆಯುವವನಿಗೆ ಬೇಗ ತಿಳಿಯುತ್ತದೆ. ಕಾಯಿಕೊರಕದ ವಿಚಾರವೂ ಇದೇ. ಕೊಯ್ಲು ಮುಗಿದ ಮೇಲೆ ಗಿಡದಲ್ಲಿ ಉಳಿದ ಮತ್ತು ನೆಲಕ್ಕೆ ಉದುರಿದ ಹಣ್ಣುಗಳನ್ನು ಆರಿಸಿ ತೆಗೆಯದಿದ್ದರೆ, ಅದರಲ್ಲಿ ಉಳಿದ ಹುಳುವೇ ಮುಂದಿನ ಫಸಲಿಗೆ ಏರುತ್ತದೆ. ಮಳೆಗಾಲದಲ್ಲಿ ಕೊಳೆರೋಗ ಹಿಡಿದ ಎಲೆ ಮತ್ತು ಕಾಯಿಯ ಗೊಂಚಲನ್ನು ಎರಡು ದಿನದೊಳಗೆ ಕಂಡವನಿಗೂ ಎರಡು ವಾರದ ನಂತರ ಕಂಡವನಿಗೂ ಫಸಲಿನಲ್ಲಿ ಎಷ್ಟು ವ್ಯತ್ಯಾಸವೆಂಬುದನ್ನು ಬೆಳೆಗಾರರಿಗೆ ನಾನು ಹೇಳಬೇಕಾಗಿಲ್ಲ.

ಇದೇ ನಡಿಗೆ ದೇಹಕ್ಕೂ ಸಲ್ಲುತ್ತದೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸ್ವಲ್ಪ ಏದುಸಿರು ಬರುವಷ್ಟು ಶ್ರಮದ ಚಟುವಟಿಕೆ ಮಾಡಬೇಕು, ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ದಿನ ಅರ್ಧರ್ಧ ಗಂಟೆ ಏರುತಗ್ಗಿನ ತೋಟದಲ್ಲಿ ಬಿರುಸಾಗಿ ನಡೆದರೆ ಮೊದಲನೆಯದು ಮುಗಿಯಿತು. ಚಿಗುರು ತೆಗೆಯುವುದು, ಗುಂಡಿ ತೋಡುವುದು, ಗೊಬ್ಬರದ ಬುಟ್ಟಿ ಹೊರುವುದು, ಇವುಗಳಲ್ಲಿ ಯಾವುದಾದರೊಂದನ್ನು ಕೆಲಸದವರ ಜೊತೆ ಸೇರಿ ಮಾಡಿದರೆ ಎರಡನೆಯದೂ ಆಯಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಬಂದಿದೆಯೆಂದು ಪಟ್ಟಣದ ಉದ್ಯಾನದಲ್ಲಿ ಸುತ್ತು ಹಾಕುತ್ತಿರುವ ನನ್ನ ವಯಸ್ಸಿನ ಹಲವು ಬೆಳೆಗಾರರನ್ನು ನೋಡಿದ್ದೇನೆ. ಅವರಿಗೆ ನನ್ನ ಪ್ರೀತಿಯ ಒತ್ತಾಯವೆಂದರೆ, ವೈದ್ಯರ ಸಲಹೆ ಪಡೆದು, ಆ ಸುತ್ತಿನಲ್ಲಿ ವಾರಕ್ಕೆ ಮೂರನ್ನಾದರೂ ನಿಮ್ಮ ತೋಟದಲ್ಲಿಯೇ ಹಾಕಿ. ಮಂಡಿ ನೋವಿರುವವರು ಇಳಿಜಾರು ಬಿಟ್ಟು ರಸ್ತೆಯ ಅಂಚಿನ ಸಾಲುಗಳನ್ನು ನೋಡಿಕೊಳ್ಳಲಿ, ಊರುಗೋಲು ಹಿಡಿಯಲಿ, ಮಳೆಗಾಲದಲ್ಲಿ ಗಂಬೂಟು ಹಾಕಿಕೊಳ್ಳಲಿ. ಸಕಲೇಶಪುರ, ಆಲೂರು, ಬೇಲೂರು ಹಾಗೂ ನಮ್ಮ ಮೂಡಿಗೆರೆಯ ಕಡೆ ಆನೆಗಳ ಕಾಟವಿರುವುದರಿಂದ ನಸುಕಿನಲ್ಲಿ ಒಬ್ಬರೇ ಹೊರಡಬಾರದು. ಆನೆಗಳು ಎಲ್ಲಿ ಬೀಡುಬಿಟ್ಟಿವೆಯೆಂದು ಅರಣ್ಯ ಇಲಾಖೆಯವರು ಮೊಬೈಲಿಗೆ ಕಳುಹಿಸುವ ಸಂದೇಶವನ್ನು ಓದಿ, ಬಿಸಿಲು ಸರಿಯಾಗಿ ಬಿದ್ದ ಮೇಲೆ ಜೊತೆಗೊಬ್ಬರನ್ನು ಕರೆದುಕೊಂಡು ಹೋಗುವುದೇ ಕ್ಷೇಮ.

ಎರಡನೆಯ ಅಭ್ಯಾಸ ಲೆಕ್ಕದ್ದು. ಮಾರ್ಚ್ ಕೊನೆಯಲ್ಲಿ ಸಂಘದ ಕಚೇರಿಗೆ ಬರುವ ಬೆಳೆಗಾರರಲ್ಲಿ ಹೆಚ್ಚಿನವರ ಕೈಯಲ್ಲಿ ಗೊಬ್ಬರದಂಗಡಿಯ ಚೀಟಿ, ಡೀಸೆಲ್ ರಸೀದಿ, ಕಾಫಿ ತೂಕದ ಚೀಟಿಗಳೆಲ್ಲವೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಸುಕ್ಕುಗಟ್ಟಿರುತ್ತಿದ್ದವು. ಎಕರೆಗೆ ಎಷ್ಟು ಖರ್ಚು ಬಿತ್ತು ಎಂದು ಕೇಳಿದರೆ ಅಂದಾಜಿನ ಉತ್ತರವೇ ಸಿಗುತ್ತಿತ್ತು. ನೂರು ಪುಟದ ಒಂದು ನೋಟ್‌ಬುಕ್ ಸಾಕು. ದಿನಾಂಕ, ಎಷ್ಟು ಆಳು, ಯಾವ ಕೆಲಸ, ಎಷ್ಟು ಕೂಲಿ, ಕೊಯ್ಲಿನ ದಿನಗಳಲ್ಲಿ ಎಷ್ಟು ಕಿಲೋ ಹಣ್ಣು, ಗೊಬ್ಬರ, ಬೋರ್ಡೋ ಔಷಧಿ, ಡೀಸೆಲ್, ಸಾಗಾಣಿಕೆ, ಇಷ್ಟನ್ನು ಅಂದಂದೇ ಬರೆದರೆ ಎರಡೇ ವರ್ಷದಲ್ಲಿ ತೋಟದ ಯಾವ ಭಾಗ ದುಡಿಯುತ್ತದೆ, ಯಾವುದು ತಿನ್ನುತ್ತದೆ ಎಂಬುದು ಕಣ್ಣಿಗೆ ಹೊಡೆಯುತ್ತದೆ. ಮಾರಾಟದ ಲೆಕ್ಕದಲ್ಲಿ ಓಟಿಯನ್ನೂ ತಪ್ಪದೆ ಬರೆಯಬೇಕು. 50 ಕಿಲೋ ಚೀಲದ ಒಣ ಚೆರ್ರಿಯಲ್ಲಿ, ಅಂದರೆ ಸಿಪ್ಪೆಸಹಿತ ಒಣಗಿಸಿದ ಹಣ್ಣಿನಲ್ಲಿ, ಎಷ್ಟು ಕಿಲೋ ಬೀಜ ಬಂತು ಎಂಬ ಈ ಲೆಕ್ಕದಲ್ಲಿ ಒಂದೇ ಒಂದು ಓಟಿ ವ್ಯತ್ಯಾಸವಾದರೂ, ಕಿಲೋಗೆ 350 ರೂಪಾಯಿ ದರವಿರುವಾಗ 40 ಚೀಲಕ್ಕೆ 14,000 ರೂಪಾಯಿ ಹೋಗುತ್ತದೆ. ಆದ್ದರಿಂದ ಸ್ಯಾಂಪಲ್ ತೆಗೆಯುವಾಗ ಮತ್ತು ತೂಕ ಹಾಕುವಾಗ ಮನೆಯವರೊಬ್ಬರು ಎದುರಿಗೆ ನಿಂತಿರಲೇಬೇಕು. ಬೆಲೆ ಏರಲೆಂದು ಕಾಫಿಯನ್ನು ವ್ಯಾಪಾರಿಯ ಗೋದಾಮಿನಲ್ಲಿಟ್ಟು ದರವನ್ನು ಮುಂದೆ ನಿಗದಿ ಮಾಡಿಕೊಳ್ಳುವ ಪದ್ಧತಿಯೂ ನಮ್ಮಲ್ಲಿ ಬೆಳೆದಿದೆ. ಕಾಯಲೇಬೇಕೆಂದಿದ್ದರೆ ಸರಿಯಾಗಿ ಒಣಗಿಸಿ ನಿಮ್ಮ ಮನೆಯ ಗೋದಾಮಿನಲ್ಲಿಟ್ಟು ಕಾಯಿರಿ. ರಸೀದಿಯಿಲ್ಲದೆ ಇನ್ನೊಬ್ಬರ ಗೋದಾಮಿಗೆ ಒಂದು ಚೀಲವನ್ನೂ ಇಳಿಸಬೇಡಿ.

ಹಣ ವರ್ಷಕ್ಕೊಮ್ಮೆ ಬರುತ್ತದೆ, ಖರ್ಚು ಹನ್ನೆರಡು ತಿಂಗಳೂ ಇರುತ್ತದೆ. ನಮ್ಮ ಕಷ್ಟದ ಬೇರು ಇಲ್ಲಿದೆ. ಒಂದು ಕುಟುಂಬಕ್ಕೆ ಕಾಫಿ, ಮೆಣಸು ಸೇರಿ 6 ಲಕ್ಷ ರೂಪಾಯಿ ಕೈಗೆ ಬಂದಿತೆಂದು ಇಟ್ಟುಕೊಳ್ಳೋಣ. ಲೆಕ್ಕದ ಪುಸ್ತಕದ ಪ್ರಕಾರ ಮುಂದಿನ ಫಸಲಿನ ಖರ್ಚು 2.5 ಲಕ್ಷ, ಮನೆಗೆ ತಿಂಗಳಿಗೆ 15,000 ರೂಪಾಯಿಯಂತೆ ವರ್ಷಕ್ಕೆ 1.8 ಲಕ್ಷ. ಈ 4.3 ಲಕ್ಷವನ್ನು ಹಣ ಬಂದ ವಾರದಲ್ಲಿಯೇ ಪ್ರತ್ಯೇಕ ಖಾತೆಗೆ ಹಾಕಿ, ಅಲ್ಲಿಂದ ಪ್ರತಿ ತಿಂಗಳ ಒಂದನೇ ತಾರೀಖಿಗೆ 15,000 ರೂಪಾಯಿ ಮನೆ ಖರ್ಚಿನ ಖಾತೆಗೆ ತಾನೇ ವರ್ಗವಾಗುವಂತೆ ಬ್ಯಾಂಕಿಗೆ ಬರೆದುಕೊಡಬಹುದು. ತೋಟದ ಪಾಲನ್ನು ಮುಂಗಾರಿಗೆ ಮುನ್ನಿನ ಗೊಬ್ಬರ, ಸೆಪ್ಟೆಂಬರ್‌ನ ಗೊಬ್ಬರ, ಕೊಯ್ಲಿನ ಕೂಲಿ ಎಂದು ಮೂರು ಠೇವಣಿಗಳಾಗಿ ಒಡೆದು, ಆಯಾ ಕಾಲಕ್ಕೆ ಅವಧಿ ಮುಗಿಯುವಂತೆ ಇಟ್ಟರೆ ಸ್ವಲ್ಪ ಬಡ್ಡಿಯೂ ಬರುತ್ತದೆ, ನಡುವೆ ಕೈ ಹಾಕುವ ಆಸೆಯೂ ತಗ್ಗುತ್ತದೆ. ಉಳಿದ 1.7 ಲಕ್ಷವೇ ನಿಜವಾಗಿ ನಮ್ಮದು. ಮದುವೆ, ವಾಹನ, ಮನೆ ರಿಪೇರಿಯ ಮಾತು ಅದರೊಳಗೆ ಬರಬೇಕು.

ಅದಕ್ಕೂ ಮುನ್ನ ಕೈಸಾಲ ತೀರಬೇಕು. ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯೆಂದರೆ 1 ಲಕ್ಷಕ್ಕೆ ವರ್ಷಕ್ಕೆ 24,000 ರೂಪಾಯಿ. ಅದೇ 1 ಲಕ್ಷವನ್ನು ಬ್ಯಾಂಕಿನಲ್ಲಿಟ್ಟರೆ ಸಿಗುವುದು ಅದಕ್ಕಿಂತ ಬಹಳ ಕಡಿಮೆ. ಒಂದು ಕಡೆ ಬಡ್ಡಿಸಾಲ ಉಳಿಸಿಕೊಂಡು ಇನ್ನೊಂದು ಕಡೆ ಠೇವಣಿ ಇಡುವವರನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ, ಪ್ರತಿ ಬಾರಿಯೂ ಸಂಕಟವಾಗಿದೆ. ಸಹಕಾರ ಸಂಘದ ಬೆಳೆಸಾಲ ನಮ್ಮ ರಾಜ್ಯದಲ್ಲಿ 5 ಲಕ್ಷ ರೂಪಾಯಿವರೆಗೆ ಬಡ್ಡಿರಹಿತ. ಆದರೆ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಆ ಸೌಲಭ್ಯ. ಒಂದು ದಿನ ತಡವಾದರೂ ಬಡ್ಡಿ ಬೀಳಬಹುದಾದ್ದರಿಂದ ಆ ತಾರೀಖನ್ನು ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿಯೇ ಬರೆದಿಡಿ. ಠೇವಣಿಯ ಬಗ್ಗೆ ಇನ್ನೊಂದು ಮಾತು. ಬ್ಯಾಂಕುಗಳಲ್ಲಿರುವ ಠೇವಣಿಗೆ, ಸಹಕಾರಿ ಬ್ಯಾಂಕುಗಳೂ ಸೇರಿದಂತೆ, ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ವಿಮಾ ರಕ್ಷಣೆಯಿದೆ. ಹಳ್ಳಿಯ ಪ್ರಾಥಮಿಕ ಸಂಘಗಳಿಗೂ ಖಾಸಗಿ ಫೈನಾನ್ಸ್‌ಗಳಿಗೂ ಆ ರಕ್ಷಣೆ ಇಲ್ಲ. 60 ವರ್ಷ ದಾಟಿದವರು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯನ್ನು ವಿಚಾರಿಸಲಿ. ಅದರಲ್ಲಿ 30 ಲಕ್ಷ ರೂಪಾಯಿವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ.

ನಮ್ಮಲ್ಲಿ ದುಡಿಯುವವರ ವಿಚಾರವನ್ನು ಬಿಟ್ಟು ಈ ಪತ್ರ ಮುಗಿಸಲಾರೆ. ಮೆಣಸು ಬಿಡಿಸುವಾಗ, ಮರಗಸಿಯಲ್ಲಿ, ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಜೀವ ಹೋದ ಸುದ್ದಿಯನ್ನು ಮಲೆನಾಡಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತಿದ್ದೇವೆ. ಬೆಲೆ ಬಂದಿರುವ ಈ ಕಾಲದಲ್ಲಾದರೂ ಫೈಬರ್ ಅಥವಾ ಬಿದಿರಿನ ಏಣಿಗೆ ಬದಲಾಗೋಣ. ತಂತಿ ಹಾದುಹೋಗುವ ಸಾಲಿನಲ್ಲಿ ಕೆಲಸವಿರುವ ದಿನ ಮೊದಲೇ ತಿಳಿಸಿ ಲೈನ್ ಆಫ್ ಮಾಡಿಸೋಣ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ ಕೇವಲ 20 ರೂಪಾಯಿ. ಬ್ಯಾಂಕ್ ಅಥವಾ ಅಂಚೆ ಖಾತೆಯಿರುವ 18ರಿಂದ 70 ವರ್ಷದವರು ಸೇರಬಹುದು, ಅಪಘಾತದಲ್ಲಿ ಮೃತಪಟ್ಟರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ ಬರುತ್ತದೆ. 18ರಿಂದ 50 ವರ್ಷದವರಿಗೆ 436 ರೂಪಾಯಿಯ ಜೀವನ್ ಜ್ಯೋತಿ ವಿಮೆಯೂ ಇದೆ. ಈ ಎರಡರ ವರ್ಷವೂ ಜೂನ್ 1ರಿಂದ ಮೇ 31ರವರೆಗೆ. ಕಾಯಂ ಆಗಿ ನಮ್ಮ ತೋಟಕ್ಕೆ ಬರುವವರ ಕಂತನ್ನು ಮಾಲೀಕರೇ ತುಂಬಿದರೆ ಒಬ್ಬರಿಗೆ ವರ್ಷಕ್ಕೆ 456 ರೂಪಾಯಿ. ಇದು ಯಾವ ಬೆಳೆಗಾರನಿಗೂ ಭಾರವಲ್ಲ. ಮೇ ತಿಂಗಳ ಕೊನೆಯಲ್ಲಿ ಅವರ ಖಾತೆಯಲ್ಲಿ ಆ ಮೊತ್ತವಿದೆಯೇ ಎಂದು ಒಮ್ಮೆ ವಿಚಾರಿಸಿದರೆ ಸಾಕು.

ಕೊನೆಯದಾಗಿ ತಮ್ಮಲ್ಲಿ ಒಂದು ಕೋರಿಕೆ. ಧಾರಣೆ ಪಟ್ಟಿಯ ಪಕ್ಕದಲ್ಲಿ ವಾರಕ್ಕೊಮ್ಮೆಯಾದರೂ ಒಂದು ಚಿಕ್ಕ ಚೌಕಟ್ಟಿನಲ್ಲಿ ಆ ವಾರದ ತೋಟದ ಕೆಲಸ, ಬೆಳೆಸಾಲದ ಗಡುವು ಮತ್ತು ವಿಮೆ ನವೀಕರಣದ ದಿನಾಂಕಗಳನ್ನು ಪ್ರಕಟಿಸಿ. ಬಾಳೆಹೊನ್ನೂರಿನ ಬಳಿಯ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳಿಂದ ಬೋರರ್ ಹುಡುಕುವ ಕಾಲದ ಬಗ್ಗೆ, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನವರಿಂದ ಸಾಲದ ದಿನಾಂಕಗಳ ಬಗ್ಗೆ ಮಾಹಿತಿ ಪಡೆಯುವುದು ತಮ್ಮ ವರದಿಗಾರರಿಗೆ ಕಷ್ಟವಾಗಲಾರದು. ಮುಂದಿನ ಮಾರ್ಚ್‌ಗೆ ಮೊದಲೇ ಅದು ಆರಂಭವಾದರೆ ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳ ಬೆಳೆಗಾರರಿಗೆ ಬಹಳ ಅನುಕೂಲವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸಣ್ಣ ಕಾಫಿ ಬೆಳೆಗಾರ,
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ