ಹುಣಸೆ ಬಡಿಯುವ ಮುನ್ನ ತಲೆಯೆತ್ತಿ ನೋಡಿ

ಎಲ್ಲರಿಗೂ ನಮಸ್ಕಾರ. ವಿಜಯಪುರ ಜಿಲ್ಲೆಯ ಇಂಡಿ ಕಡೆ ಹುಣಸೆ ಬಡಿಯುವ ಕೆಲಸ ಶುರುವಾಗಿದೆ. ಬದುವಿನ ಮರದ ಪಕ್ಕದಲ್ಲೇ 11 ಕೆ.ವಿ. (11 ಸಾವಿರ ವೋಲ್ಟ್) ವಿದ್ಯುತ್ ತಂತಿ ಹಾದುಹೋಗಿದ್ದರೆ ಅಲ್ಯೂಮಿನಿಯಂ ದೋಟಿ (ಕಾಯಿ ಉದುರಿಸುವ ಉದ್ದ ಗಳ) ಬೇಡವೇ ಬೇಡ. ಬಿದಿರಾದರೆ ಏನೂ ಆಗದು ಎನ್ನುವವರು ನಮ್ಮ ಗುಂಪಿನಲ್ಲೂ ಇದ್ದಾರೆ. ಇಬ್ಬನಿಯಲ್ಲಿ ನೆನೆದ ಬಿದಿರು, ಹಸಿ ಕೊಂಬೆ ಎರಡೂ ವಿದ್ಯುತ್ ಹರಿಸುತ್ತವೆ. ಅಷ್ಟು ವೋಲ್ಟೇಜಿನ ತಂತಿಗೆ ಗಳ ತಾಗಲೇಬೇಕೆಂದಿಲ್ಲ, ತೀರಾ ಸಮೀಪ ಹೋದರೂ ಕಿಡಿ ಹಾರುತ್ತದೆ. ಕನಿಷ್ಠ 10 ಅಡಿ ಅಂತರವಿರಲಿ. ಬಿಸಿಲೇರಿದಂತೆ ತಂತಿ ಜೋಲುತ್ತದೆ, ಬೆಳಗಿನ ಅಂದಾಜನ್ನು ಮಧ್ಯಾಹ್ನ ನಂಬಬೇಡಿ.

ಕೊಳವೆಬಾವಿಯ ಪೈಪ್ ಎತ್ತುವವರಿಗೂ ಇದೇ ಮಾತು. 20 ಅಡಿಯ ಪೈಪ್ ಮೇಲೇಳುವಾಗ ಎಲ್ಲರ ಕಣ್ಣೂ ಬಾವಿಯ ಬಾಯಿಯ ಮೇಲೇ ಇರುತ್ತದೆ!

ಯಾರಿಗಾದರೂ ವಿದ್ಯುತ್ ಹಿಡಿದರೆ ಓಡಿಹೋಗಿ ಮುಟ್ಟಬೇಡಿ. ದೂರ ನಿಂತು ವಿದ್ಯುತ್ ಕಂಪನಿ ಹೆಸ್ಕಾಂನ 1912ಕ್ಕೆ ಕರೆ ಮಾಡಿ, ಮೊದಲು ಲೈನಿನ ಕರೆಂಟ್ ತೆಗೆಸಿ.